ಗೋಡೆಯ ಮೇಲಿನ ಅರಸು

ಗಂಗಾವತಿ

ಪ್ರೀತಿಯ ಗೆಳೆಯಾ,

ಹಳೆಯ ಮನೆ ಕೆಡವುವ ಮೊದಲು ಗೋಡೆಯ ಫೋಟೊಗಳನ್ನೆಲ್ಲ ಇಳಿಸಿದೆವು. ಅಜ್ಜ, ಅಜ್ಜಿ, ಶರಣಬಸವೇಶ್ವರ, ಆಮೇಲೆ ಹಿಂದಿನ ಮುಖ್ಯಮಂತ್ರಿ ದೇವರಾಜ ಅರಸು. ಅರಸರ ಹಿಂದಿನ ರಟ್ಟಿಗೆ ಗೆದ್ದಲು ಹತ್ತಿದೆ. 'ಇದನ್ನೂ ಹೊಸ ಮನೆಗೆ ಒಯ್ಯಬೇಕೇ?' ಎಂದು ಮಗ ಕೇಳಿದ. ತಕ್ಷಣ ನಿನ್ನ ಅಪ್ಪ ನೆನಪಾದರು. ನಮ್ಮ ಮನೆಗೆ ಬಂದಾಗಲೆಲ್ಲ ಮೇಷ್ಟ್ರು ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದರಲ್ಲ!

ನಮ್ಮಪ್ಪನ ಮಟ್ಟಿಗೆ ಅರಸು ಎಂದರೆ ಕಾಲುವೆ ಕೆಳಗಿನ ಮೂರು ಎಕರೆ. ಗೌಡರ ಆ ಹೊಲವನ್ನು ಅಜ್ಜನ ಕಾಲದಿಂದಲೂ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದೆವು. 1974ರ ಮಾರ್ಚ್ 1ರಂದು ಉಳುವವನಿಗೇ ಹೊಲ ಎಂಬ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರ ಹೊಲದ ಹಕ್ಕು ಕೇಳುವ ಅರ್ಜಿ, ಅಪ್ಪನ ಏಳನೇ ನಮೂನೆಯನ್ನು ತುಂಬಿಕೊಟ್ಟವರು ಯಾರೆಂದು ನಿನಗೆ ಗೊತ್ತೇ? ನಿನ್ನ ಅಪ್ಪನೇ. ಆ ದುಂಡನೆಯ ಅಕ್ಷರದ ನಕಲು ಟ್ರಂಕಿನಲ್ಲಿ ಸಿಕ್ಕಿತು, ಕೆಳಗೆ ನಮ್ಮಪ್ಪನ ಹೆಬ್ಬೆಟ್ಟು. ಆಗ ಈ ಅರ್ಜಿಗಳನ್ನು ತೀರ್ಮಾನಿಸುವ ಭೂ ನ್ಯಾಯಮಂಡಳಿಯ ಎದುರು ವಕೀಲರು ವಾದಿಸುವಂತಿರಲಿಲ್ಲ. ಗೌಡರ ಮುಂದೆ ತಲೆಯೆತ್ತಿ ಮಾತಾಡದ ಮನುಷ್ಯ, ಅಂದು ಅವರ ಪಕ್ಕದಲ್ಲೇ ನಿಂತು, ಬದುವಿನ ಬೇವಿನ ಮರವನ್ನು ನೆಟ್ಟವರು ಯಾರು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದನಂತೆ.

ಆದರೆ ಗೇಣಿದಾರರು ಹೆಚ್ಚಿದ್ದ ಕರಾವಳಿ, ಮಲೆನಾಡಿನಲ್ಲಿ ಆದಷ್ಟು ಬದಲಾವಣೆ ನಮ್ಮ ಕಡೆ ಆಗಲಿಲ್ಲ. ಖುಷ್ಕಿ ಜಮೀನನ್ನು 54 ಎಕರೆವರೆಗೂ ಇಟ್ಟುಕೊಳ್ಳಬಹುದಿತ್ತು. ನಾಟಿ ಮಾಡುವ ಕೂಲಿಯವರ ಹೆಸರಂತೂ ಯಾವ ನಮೂನೆಯಲ್ಲೂ ಬರಲಿಲ್ಲ. ಅವರು ಗೌಡರ ಹೊಲದ ಬದಲು ನಮ್ಮ ಹೊಲಕ್ಕೆ ಕೂಲಿಗೆ ಬಂದರು, ಅಷ್ಟೇ. ಅಪ್ಪ ಇದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಮೇಷ್ಟ್ರು ಅರಸರಿಗೆ ಬೆನ್ನು ತಿರುಗಿಸಿದ್ದು ತುರ್ತುಪರಿಸ್ಥಿತಿಯ ನಂತರ. ಅಪ್ಪನಿಗೆ ಹೊಲ ಕೊಟ್ಟ ಸರ್ಕಾರದ ಜೈಲಿನಲ್ಲೇ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿದರು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದಕ್ಕೆ ಎದ್ದ 1973ರ ಗದ್ದಲದಲ್ಲಿ, ಮಲ ಹೊರುವ ಪದ್ಧತಿಯ ವಿರುದ್ಧ ನಿಂತಿದ್ದ ಸಚಿವ ಬಸವಲಿಂಗಪ್ಪನವರನ್ನೂ ಅರಸು ಸಂಪುಟದಲ್ಲಿ ಉಳಿಸಿಕೊಳ್ಳಲಿಲ್ಲ. ಇನ್ನು ಭ್ರಷ್ಟಾಚಾರದ ಆರೋಪ, ಅದರ ತನಿಖೆಗೆ ಕೂತ ಗ್ರೋವರ್ ಆಯೋಗ. ದುಡ್ಡಿನ ಮಾತೆತ್ತಿದರೆ ಅಪ್ಪ 'ಯಾರು ತಿನ್ನಲಿಲ್ಲ?' ಎಂದು ಬೀಡಿ ಹಚ್ಚುತ್ತಿದ್ದ. ಆ ಉತ್ತರ ನನಗೆ ಆಗಲೂ ಹಿಡಿಸುತ್ತಿರಲಿಲ್ಲ.

ಹಾಗೆಂದು ನನ್ನ ತಕ್ಕಡಿ ನೆಟ್ಟಗಿದೆ ಎಂದು ನಂಬಬೇಡ. ಹಿಂದುಳಿದ ವರ್ಗಗಳ ಬಗ್ಗೆ ಅರಸು ಬರೆಸಿದ ಹಾವನೂರು ವರದಿಯ ಬೆನ್ನಿಗೆ ಬಂದ ಮೀಸಲಾತಿಯಲ್ಲೇ ನನಗೆ ನೌಕರಿ ಸಿಕ್ಕಿದ್ದು. ಅರಸರ ಅನ್ನ ಉಂಡವನು ನಾನು. ಬೈಯುವಾಗ ದನಿ ಸಣ್ಣದಾಗುತ್ತದೆ.

ಫೋಟೊಗೆ ಹೊಸ ರಟ್ಟು ಹಾಕಿಸಲು ಕೊಟ್ಟಿದ್ದೇನೆ. ಈ ಸಲ ಪಡಸಾಲೆಯಲ್ಲಿ ಹಾಕುವುದಿಲ್ಲ. ಪಹಣಿ, ಕಂದಾಯದ ರಶೀದಿ ಇಡುವ ಒಳಕೋಣೆಯಲ್ಲಿ, ಮೇಷ್ಟ್ರ ಕೈಬರಹದ ಪಕ್ಕದಲ್ಲಿ ಮೊಳೆ ಹೊಡೆಸುತ್ತೇನೆ. ಗೃಹಪ್ರವೇಶಕ್ಕೆ ಬಾ. ಪಡಸಾಲೆಯಲ್ಲಿ ನೀನು ಎತ್ತ ಮುಖ ಮಾಡಿ ಕೂತರೂ ನಡೆಯುತ್ತದೆ.

ನಿನ್ನವ