ಆ ಸ್ಟಾರ್ ಕೊಟ್ಟೋರು ಯಾರು, ಯಾವ ವರ್ಷ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ವಾಹನ ಪುಟದಲ್ಲಿ ಐದು ಲಕ್ಸುರಿ ಕಾರುಗಳನ್ನ ಅಕ್ಕಪಕ್ಕ ಇಟ್ಟು ಒಂದು ಟೇಬಲ್ ಹಾಕಿದ್ರಿ. ಫೋಟೋ ಚೆನ್ನಾಗಿತ್ತು, ಪ್ರತಿ ಕಾರಿನ ಮುಂದೆ ನಾಲ್ಕೂವರೆ ಸ್ಟಾರು, ನಾಲ್ಕು ಸ್ಟಾರು ಅಂತ ಸಾಲಾಗಿ ಹಾಕಿದ್ರಿ. ಆದ್ರೆ ಆ ಸ್ಟಾರ್ ಕೊಟ್ಟಿದ್ದು ಯಾರು ಅಂತ ಎರಡು ಸಲ ಮೇಲಿಂದ ಕೆಳಗೆ ಹುಡುಕಿದೆ, ಸಿಗ್ಲೇ ಇಲ್ಲ. ಕ್ರ್ಯಾಶ್ ಟೆಸ್ಟ್ ಮಾಡಿದವರಾ, ಮಾಲೀಕರ ಸರ್ವೆ ಮಾಡಿದವರಾ, ಇಲ್ಲಾ ನಿಮ್ಮ ವರದಿಗಾರರೇ ಕಂಪನಿ ಕೊಟ್ಟ ಗಾಡಿನ ಎರಡು ದಿನ ಓಡಿಸಿ ಕೊಟ್ಟಿದ್ದಾ? ಮೂರೂ ಬೇರೆ ಬೇರೆ ಅಲ್ವಾ ಸ್ವಾಮಿ. ನಾನು ಮೊನ್ನೆ ಮೊನ್ನೆವರೆಗೂ ಆರು ತಿಂಗಳು ಇದೇ ವಿಷಯಕ್ಕೆ ತಲೆ ಕೆಡಿಸ್ಕೊಂಡು ಕೊನೆಗೂ ಒಂದು ಕಾರು ತಗೊಂಡವನು, ಅದಕ್ಕೇ ಸುಮ್ನೆ ಇರಕ್ಕಾಗದೆ ಬರೀತಿದೀನಿ.

ದುಬಾರಿ ಕಾರು ಅಂದ್ಮೇಲೆ ಸೇಫ್ಟಿ ಬಗ್ಗೆ ಕೇಳೋದೇ ಬೇಡ ಅನ್ನೋ ನಂಬಿಕೆ ನನಗೂ ಇತ್ತು. ಅದು ಬಿಟ್ಟುಹೋಗಿದ್ದು 2012ರ ಒಂದು ಟೆಸ್ಟ್ ಬಗ್ಗೆ ಓದಿದಾಗ. ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿಗಳ ದುಡ್ಡಲ್ಲಿ ನಡೆಯೋ ಐಐಎಚ್‌ಎಸ್ ಅಂತ ಸಂಸ್ಥೆ ಇದೆ, ಅವರು ಆ ವರ್ಷ ಹೊಸದೊಂದು ಡಿಕ್ಕಿ ಪರೀಕ್ಷೆ ಶುರು ಮಾಡಿದ್ರು. ಗಂಟೆಗೆ ಸುಮಾರು 64 ಕಿ.ಮೀ. ವೇಗದಲ್ಲಿ ಬರೋ ಕಾರು ಗಟ್ಟಿ ತಡೆಗೋಡೆಗೆ ಪೂರ್ತಿ ಮುಖ ಕೊಟ್ಟು ಗುದ್ದಲ್ಲ, ಡ್ರೈವರ್ ಕಡೆ ಅಂಚಿನ ಶೇ 25ರಷ್ಟು ಭಾಗ ಮಾತ್ರ ತಾಗುತ್ತೆ, ಕಂಬಕ್ಕೋ ಮರಕ್ಕೋ ಓರೆಯಾಗಿ ತಾಗಿದ ಹಾಗೆ. ಮೊದಲ ಸುತ್ತಿಗೆ ಆರಿಸ್ಕೊಂಡಿದ್ದು 11 ಮಿಡ್‌ಸೈಜ್ ಕಾರು, ಹೆಚ್ಚುಕಮ್ಮಿ ಎಲ್ಲಾ ಲಕ್ಸುರಿ ವರ್ಗದವೇ. ಗುಡ್ ಅನ್ನಿಸ್ಕೊಂಡಿದ್ದು ಎರಡೇ, ಅಕ್ಯೂರಾ ಟಿಎಲ್ ಮತ್ತೆ ವೋಲ್ವೋ ಎಸ್60. ಬಿಎಂಡಬ್ಲ್ಯು 3 ಸೀರೀಸ್ ಮಾರ್ಜಿನಲ್, ಅಂದ್ರೆ ಪೂರ್ ಅನ್ನೋ ಕೊನೇ ದರ್ಜೆಗಿಂತ ಒಂದೇ ಮೆಟ್ಟಿಲು ಮೇಲೆ. ಮರ್ಸಿಡಿಸ್ ಸಿ ಕ್ಲಾಸ್, ಆಡಿ ಎ4, ಲೆಕ್ಸಸ್‌ನ ಎರಡು ಮಾಡೆಲ್ಲು ಪೂರ್! ಆ ಕಾರುಗಳು ಅದಕ್ಕೂ ಮುಂಚಿನ ಟೆಸ್ಟುಗಳಲ್ಲಿ ಚೆನ್ನಾಗೇ ಪಾಸಾಗಿದ್ವು. ಏನಾಯ್ತು ಅಂದ್ರೆ, ಡಿಕ್ಕಿಯ ಹೊಡೆತ ತಡ್ಕೊಳೋಕೆ ಅಂತ ಬಾನೆಟ್ ಒಳಗೆ ಇರೋ ಗಟ್ಟಿ ಕಂಬಿಗಳು ಮಧ್ಯಭಾಗದಲ್ಲಿ ಇರ್ತವೆ, ಅಂಚಿಗೆ ಬಿದ್ದ ಏಟು ಅವನ್ನ ತಪ್ಪಿಸ್ಕೊಂಡು ಸೀದಾ ಚಕ್ರಕ್ಕೆ, ಚಕ್ರದಿಂದ ಡ್ರೈವರ್ ಕಾಲಿಡೋ ಜಾಗಕ್ಕೆ ನುಗ್ಗುತ್ತೆ. ಪರೀಕ್ಷೆಲಿ ಯಾವ ಪ್ರಶ್ನೆ ಬರುತ್ತೆ ಅಂತ ಗೊತ್ತಿದ್ರೆ ಅದನ್ನಷ್ಟೇ ಓದ್ಕೊಂಡು ಹೋಗೋ ಹುಡುಗರ ಥರ. ಆಮೇಲೆ ಎಷ್ಟೋ ಕಂಪನಿಗಳು ಆ ಭಾಗ ತಿದ್ದಿದ್ರು, ಅದು ಬೇರೆ ಮಾತು. ಆದ್ರೆ ಇದನ್ನ ಯಾವ ಟೆಸ್ಟ್ ಡ್ರೈವಲ್ಲೂ ಯಾರಿಗೂ ಕಂಡುಹಿಡಿಯೋಕಾಗಲ್ಲ, ಕಾರು ಒಡೆದು ನೋಡಿದವರು ಹೇಳಿದ್ರೆ ಮಾತ್ರ ಗೊತ್ತಾಗೋದು.

ವರ್ಷ ಯಾಕೆ ಮುಖ್ಯ ಅಂತೀರಾ? ಫಿಯೆಟ್ ಪುಂಟೋ ಲಕ್ಸುರಿ ಅಲ್ಲ, ಆದ್ರೂ ಉದಾಹರಣೆಗೆ ಹೇಳ್ತೀನಿ. 2005ರಲ್ಲಿ ಯೂರೋಪಲ್ಲಿ ಕಾರುಗಳ ಕ್ರ್ಯಾಶ್ ಟೆಸ್ಟ್ ಮಾಡಿ ಸ್ಟಾರ್ ಕೊಡೋ ಯೂರೋ ಎನ್‌ಕ್ಯಾಪ್ ಅದಕ್ಕೆ ದೊಡ್ಡವರ ರಕ್ಷಣೆ ವಿಭಾಗದಲ್ಲಿ 5 ಸ್ಟಾರ್ ಕೊಟ್ಟಿತ್ತು. 2017ರಲ್ಲಿ ಅದೇ ಸಂಸ್ಥೆ ಮತ್ತೆ ಟೆಸ್ಟ್ ಮಾಡಿ ಕೊಟ್ಟಿದ್ದು ಸೊನ್ನೆ. ಕಾರೇನು ಕೆಟ್ಟಿರ್ಲಿಲ್ಲ, ಪ್ರಶ್ನೆಪತ್ರಿಕೆ ಕಷ್ಟ ಆಗಿತ್ತು ಅಷ್ಟೆ, ತಾನಾಗೇ ಬ್ರೇಕ್ ಹಾಕೋ ವ್ಯವಸ್ಥೆ ಥರದವು ಲೆಕ್ಕಕ್ಕೆ ಬಂದಿದ್ವು. ಈಗ ಹೇಳಿ, ಇಸವಿ ಇಲ್ಲದ ಸ್ಟಾರ್ ಇಟ್ಕೊಂಡು ಓದುಗ ಏನು ಮಾಡ್ಬೇಕು.

ವೇರಿಯಂಟ್, ಅಂದ್ರೆ ಒಂದೇ ಮಾಡೆಲ್ಲಿನ ಬೇರೆ ಬೇರೆ ಆವೃತ್ತಿಗಳ ಕಥೆ ಇನ್ನೂ ಮಜಾ. 2016ರಲ್ಲಿ ಇದೇ ಐಐಎಚ್‌ಎಸ್‌ನವರು ಹೆಡ್‌ಲೈಟ್ ಪರೀಕ್ಷೆ ಶುರು ಮಾಡಿದಾಗ 31 ಮಿಡ್‌ಸೈಜ್ ಕಾರುಗಳಲ್ಲಿ ಗುಡ್ ಬಂದಿದ್ದು ಒಂದಕ್ಕೇ, ಟೊಯೊಟಾ ಪ್ರಿಯಸ್ ವಿ ಅನ್ನೋ ಸಾಧಾರಣ ಫ್ಯಾಮಿಲಿ ಗಾಡಿಗೆ. ಅದೂ ಎಲ್‌ಇಡಿ ದೀಪ ಇರೋ ವೇರಿಯಂಟಿಗೆ ಮಾತ್ರ. ಅದೇ ಕಾರು ಹ್ಯಾಲೊಜೆನ್ ದೀಪದಲ್ಲಿ ಪೂರ್. ದೊಡ್ಡ ಹೆಸರಿನ ಎಷ್ಟೋ ಕಾರುಗಳು ಆ ಪಟ್ಟಿಲಿ ಕೆಳಗೆ ಬಿದ್ದಿದ್ವು. ಅಂದ್ರೆ ಒಂದೇ ಬ್ಯಾಡ್ಜು, ಒಂದೇ ಬಾಡಿ, ರಾತ್ರಿ ಹೊತ್ತು ಮಾತ್ರ ಎರಡು ಬೇರೆ ಬೇರೆ ಕಾರು.

ಇನ್ನು ಮಾಲೀಕರ ಸರ್ವೆ. ಅಮೆರಿಕದ ಸರ್ವೆ ಕಂಪನಿ ಜೆ.ಡಿ. ಪವರ್‌ನವರು 1987ರಿಂದ ಹೊಸ ಕಾರು ತಗೊಂಡವರನ್ನ ಮೊದಲ 90 ದಿನದಲ್ಲಿ ಏನೇನು ತೊಂದರೆ ಬಂತು ಅಂತ ಕೇಳಿ 100 ಕಾರಿಗೆ ಇಷ್ಟು ದೂರು ಅಂತ ಲೆಕ್ಕ ಕೊಡ್ತಾರೆ. ಕಡಿಮೆ ಬಂದ್ರೆ ಒಳ್ಳೇದು. ಆದ್ರೆ ಅದರಲ್ಲಿ ಗೇರ್‌ಬಾಕ್ಸ್ ಕೈಕೊಟ್ಟಿದ್ದೂ ಒಂದು ದೂರು, ಸ್ಕ್ರೀನಲ್ಲಿ ಫೋನ್ ಕನೆಕ್ಟ್ ಆಗ್ಲಿಲ್ಲ ಅನ್ನೋದೂ ಒಂದು ದೂರು. ಲಕ್ಸುರಿ ಕಾರಲ್ಲಿ ಗ್ಯಾಜೆಟ್ ಜಾಸ್ತಿ, ದೂರೂ ಜಾಸ್ತಿ. ಮೂರು ವರ್ಷ ಓಡಿದ ಕಾರುಗಳದ್ದು ಬೇರೆ ಸರ್ವೆ ಇದೆ, ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಕನ್ಸ್ಯೂಮರ್ ರಿಪೋರ್ಟ್ಸ್ ಅಂತ 1936ರಿಂದ ಇರೋ ಇನ್ನೊಂದು ಸಂಸ್ಥೆ ಜಾಹೀರಾತೇ ತಗೊಳಲ್ಲ, ಟೆಸ್ಟ್ ಮಾಡೋ ಕಾರನ್ನ ಹೆಸರು ಹೇಳದೆ ಮಾಮೂಲಿ ಗಿರಾಕಿ ಥರ ಹೋಗಿ ದುಡ್ಡು ಕೊಟ್ಟು ಕೊಂಡು ತರ್ತಾರೆ. ಸ್ವತಂತ್ರ ಅಂದ್ರೆ ಇದು. ಕಾರು ತಗೊಂಡ ಖುಷಿಲಿ ಮಾಲೀಕರು ಹಾಕೋ ಐದು ಸ್ಟಾರನ್ನ ನಾನು ಲೆಕ್ಕಕ್ಕೆ ತಗೊಳಲ್ಲ, ಹೆತ್ತೋರಿಗೆ ಹೆಗ್ಗಣ ಮುದ್ದು.

ಇಷ್ಟೆಲ್ಲಾ ಓದಿ ಕೊನೆಗೆ ಎರಡು ಸೆಡಾನ್ ಉಳಿದ್ವು, ಎರಡೂ ಯೂರೋ ಎನ್‌ಕ್ಯಾಪ್ 5 ಸ್ಟಾರು, ಪೇಪರ್ ಮೇಲೆ ಹತ್ತೊಂಬತ್ತು ಇಪ್ಪತ್ತರ ವ್ಯತ್ಯಾಸ. ಟೆಸ್ಟ್ ಡ್ರೈವಿಗೆ ಹೋದೆ. ಮೊದಲನೇ ಶೋರೂಮಿನ ಸೇಲ್ಸ್ ಹುಡುಗ ಒಳ್ಳೆಯವನೇ, ಆದ್ರೆ ಗಾಡಿ ಹತ್ತಿದ ಕೂಡ್ಲೇ ಸ್ಪೀಕರ್ ಹೇಗಿದೆ ಕೇಳಿ ಸಾರ್ ಅಂತ ಜೋರಾಗಿ ಹಾಡು ಹಾಕ್ದ, ಏಸಿ ಫ್ಯಾನ್ ಪೂರ್ತಿ ತಿರುಗಿಸ್ದ, ಕನ್ನಡಿ ಥರ ಇರೋ ರಸ್ತೆಲಿ ಒಂದು ರೌಂಡ್ ಹಾಕಿಸಿ ಹತ್ತೇ ನಿಮಿಷದಲ್ಲಿ ವಾಪಸ್ ಕರ್ಕೊಂಡು ಬಂದ. ಎಲ್ಲಾ ಚೆನ್ನಾಗೇ ಇತ್ತು, ಯಾಕೆ ಇರಲ್ಲ ಹೇಳಿ.

ಎರಡನೇ ಸಲ ಅದೇ ಶೋರೂಮಿಗೆ ಅಮ್ಮನ್ನ ಕರ್ಕೊಂಡು ಹೋದೆ, ಮ್ಯೂಸಿಕ್ ಆಫ್ ಮಾಡಪ್ಪಾ ಅಂದೆ, ಹಂಪ್ ಇರೋ ರಸ್ತೆಗೆ ತಿರುಗಿಸಿದೆ. ಅಲ್ಲಿ ಬಣ್ಣ ಬಯಲಾಯ್ತು. ಡೆಮೊ ಗಾಡಿಗೆ ದೊಡ್ಡ ರಿಮ್ಮು, ಟೈರಿನ ಪಕ್ಕದ ರಬ್ಬರ್ ಎರಡು ಬೆರಳಿನಷ್ಟು ದಪ್ಪ ಇದ್ರೆ ಹೆಚ್ಚು, ಪ್ರತಿ ಗುಂಡಿನೂ ಸೀದಾ ಬೆನ್ನಿಗೆ. ನೀವು ಕೊಳ್ಳೋ ವೇರಿಯಂಟಿಗೆ ಚಿಕ್ಕ ರಿಮ್ ಬರುತ್ತೆ ಸಾರ್, ಅದು ಇನ್ನೂ ಸ್ಮೂತ್ ಅಂದ ಸೇಲ್ಸ್ ಹುಡುಗ, ಹಾಗಾದ್ರೆ ಅದನ್ನೇ ತೋರ್ಸು ಅಂದ್ರೆ ಇಲ್ಲ. ನಿಲ್ಲಿಸಿದ ಮೇಲೆ ಅಮ್ಮ ಹಿಂದಿನ ಸೀಟಿಂದ ಇಳಿಯೋಕೆ ನೋಡ್ತಾರೆ, ಸೀಟು ತಗ್ಗು, ಬಾಗಿಲ ಪಕ್ಕದ ಕಂಬ ಹಿಡ್ಕೊಂಡು ಒಂದು ಕಾಲು ಹೊರಗಿಟ್ರು, ಏಳಕ್ಕಾಗ್ಲಿಲ್ಲ, ಮತ್ತೆ ಕೂತ್ರು. ನನ್ನ ಮುಖ ನೋಡಿ ನಕ್ಕು "ಕಾರು ಚೆನ್ನಾಗಿದೆ ಕಣೋ, ಇಳಿಯೋದೊಂದು ಬಿಟ್ರೆ" ಅಂದ್ರು. ಇದಕ್ಕೆ ಯಾವ ಸಂಸ್ಥೆ ಸ್ಟಾರ್ ಕೊಡುತ್ತೆ?

ಇನ್ನೊಂದು ಕಾರನ್ನ ಮುಕ್ಕಾಲು ಗಂಟೆ ಓಡಿಸಿದೆ, ಸಂಜೆ ಕತ್ತಲಾಗೋವರೆಗೂ. ಸೀಟು ನನ್ನ ಸೊಂಟಕ್ಕೆ ಹಿಡಿಸ್ತು, ಅಮ್ಮನೂ ಒಂದೇ ಸಲಕ್ಕೆ ಇಳಿದ್ರು. ಕಿರಿಕಿರಿ ಅಂದ್ರೆ ಏಸಿ ಕಮ್ಮಿ ಮಾಡೋಕೂ ಸ್ಕ್ರೀನ್ ಒಳಗೆ ಮೂರು ಕಡೆ ಒತ್ಬೇಕು, ಅಷ್ಟು ಹೊತ್ತು ಕಣ್ಣು ರಸ್ತೆ ಮೇಲಿರಲ್ಲ. ಯೂರೋ ಎನ್‌ಕ್ಯಾಪ್‌ನವರಿಗೂ ಈಗ ಇದು ತಲೆಗೆ ಬಂದಿದೆ, 2026ರ ನಿಯಮದಲ್ಲಿ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ಲೈಟಿಗೆಲ್ಲ ಕೈಗೆ ಸಿಗೋ ಬಟನ್ನೋ ಲಿವರ್ರೋ ಇದ್ರೇನೇ ಅಂಕ ಅಂತ ಮಾಡಿದಾರೆ. ಏಸಿ ಆ ಪಟ್ಟಿಲಿಲ್ಲ, ಇರ್ಬೇಕಿತ್ತು. ಗೊತ್ತಿದ್ದೂ ಆ ಕಾರನ್ನೇ ತಗೊಂಡೆ, ಬೆರಳಿಗೆ ರೂಢಿ ಆಗ್ತಿದೆ, ಸೊಂಟಕ್ಕೆ ರೂಢಿ ಮಾಡ್ಸೋದು ಕಷ್ಟ.

ನಾನು ಕೇಳ್ತಿರೋದು ಜಾಸ್ತಿ ಏನಲ್ಲ. ಮುಂದಿನ ಸಲ ಸ್ಟಾರ್ ಹಾಕಿದಾಗ ಪಕ್ಕದಲ್ಲಿ ಸಣ್ಣಕ್ಷರದಲ್ಲಾದ್ರೂ ಯಾರ ಟೆಸ್ಟು, ಯಾವ ಇಸವಿ, ಯಾವ ವೇರಿಯಂಟು ಅಂತ ಹಾಕಿ. ಟೆಸ್ಟೇ ಆಗಿಲ್ಲದ ಕಾರಾದ್ರೆ, ಕಮ್ಮಿ ಮಾರಾಟ ಆಗೋ ತೀರಾ ದೊಡ್ಡ ಲಕ್ಸುರಿ ಕಾರುಗಳಲ್ಲಿ ಇದು ಇದ್ದಿದ್ದೇ, ಟೆಸ್ಟ್ ಆಗಿಲ್ಲ ಅಂತಲೇ ಬರೀರಿ, ನೀವೇ ಅಂದಾಜಿಗೆ ಸ್ಟಾರ್ ಹಾಕ್ಬೇಡಿ. ನಿಮ್ಮ ವರದಿಗಾರರು ಓಡಿಸಿದ ಗಾಡಿ ಕಂಪನಿ ಕೊಟ್ಟಿದ್ದಾ, ರಿಮ್ ಎಷ್ಟು ಇಂಚಿಂದು, ಹಿಂದಿನ ಸೀಟಲ್ಲಿ ಯಾರಾದ್ರೂ ಕೂತಿದ್ರಾ ಅನ್ನೋದೂ ಇದ್ರೆ ಇನ್ನೂ ಒಳ್ಳೇದು. ಜಾಗ ಇಲ್ಲ ಅಂತೀರೇನೋ, ಹೋದ ವಾರ ಸೀಟಿನ ಲೆದರ್ ಬಣ್ಣಗಳ ಪಟ್ಟಿಗೇ ಒಂಬತ್ತು ಸಾಲು ಕೊಟ್ಟಿದ್ರಿ, ಎಣಿಸಿದೀನಿ.

ಇಂತಿ,
ನಿಮ್ಮ ಹಳೇ ಓದುಗ