ಶೇರ್ಡ್ ಫೋಲ್ಡರ್ ತೆರೆಯಿತು, ರಿಟರ್ನ್ ಹೋಯಿತು: ಕೈಹಿಡಿದವರಿಗೆ ಧನ್ಯವಾದ

ದಾವಣಗೆರೆಯ ನಮ್ಮ ಟ್ಯಾಕ್ಸ್ ಆಫೀಸಿನ ಗ್ರಾಹಕರಿಗೆಲ್ಲ ನಮಸ್ಕಾರ. ಈ ತಿಂಗಳ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್, 20ನೇ ತಾರೀಖಿನೊಳಗೆ ಎಲ್ಲರದ್ದೂ ಸಲ್ಲಿಕೆಯಾಗಿದೆ. ಆ ವಾರ ನಮ್ಮ ಪಾಡು ಏನಾಗಿತ್ತೆಂದು ಕೆಲವರಿಗೆ ಗೊತ್ತು. ನೆರವಾದವರಿಗೆ ಎಲ್ಲರ ಎದುರೇ ಧನ್ಯವಾದ ಹೇಳಬೇಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದದ್ದರಿಂದ ವಿಂಡೋಸ್ 11 ಪ್ರೊ ಇರುವ ಹೊಸ ಕಂಪ್ಯೂಟರ್ ತಂದಿದ್ದೆವು. ಟ್ಯಾಲಿ ಡೇಟಾ, ಬಿಲ್‌ಗಳ ಸ್ಕ್ಯಾನ್, ಹಳೆಯ ರಿಟರ್ನ್‌ಗಳು ಎಲ್ಲವೂ ಇರುವುದು ಮೂಲೆಯ ಪುಟ್ಟ ನ್ಯಾಸ್ ಪೆಟ್ಟಿಗೆಯಲ್ಲಿ, ಅಂದರೆ ನೆಟ್‌ವರ್ಕ್ ಮೂಲಕ ಎಲ್ಲ ಕಂಪ್ಯೂಟರ್‌ಗಳೂ ಬಳಸುವ ಹಾರ್ಡ್ ಡಿಸ್ಕಿನಲ್ಲಿ. ಹೊಸ ಕಂಪ್ಯೂಟರ್‌ಗಳಿಂದ ಆ ಪೆಟ್ಟಿಗೆಯ ಶೇರ್ಡ್ ಫೋಲ್ಡರ್ ತೆರೆಯಲೇ ಇಲ್ಲ.

ಮೊದಲ ಧನ್ಯವಾದ ನಮ್ಮ ಲೆಕ್ಕ ನೋಡುವ ಹುಡುಗಿಗೆ. ಉಳಿದವರೆಲ್ಲ ಕೇಬಲ್ ಕಿತ್ತು ಹಾಕುತ್ತಿದ್ದಾಗ ಆಕೆ ಪಿಂಗ್ ಮಾಡಿ, ಅಂದರೆ ನೆಟ್‌ವರ್ಕಿನಲ್ಲಿ ಪೆಟ್ಟಿಗೆಯನ್ನು ಕೂಗಿ ನೋಡಿದಳು, ಪೆಟ್ಟಿಗೆ ಉತ್ತರ ಕೊಡುತ್ತಿತ್ತು. ಹಳೆಯ ಕಂಪ್ಯೂಟರಿನಲ್ಲಿ ಅದೇ ಫೋಲ್ಡರ್ ತೆರೆದು ತೋರಿಸಿದಳು. ಡೇಟಾ ಎಲ್ಲೂ ಹೋಗಿಲ್ಲ ಎಂದು ಗೊತ್ತಾದಾಗ ನಮಗೆ ಹೋದ ಜೀವ ಬಂದಂತಾಯಿತು.

ದೊಡ್ಡ ಋಣ ಕಂಪ್ಯೂಟರ್ ರಿಪೇರಿಯ ತಮ್ಮನದು. ನಮ್ಮ ಫೋಲ್ಡರಿಗೆ ಪಾಸ್‌ವರ್ಡ್ ಇರಲಿಲ್ಲ, ಎಲ್ಲರೂ ಗೆಸ್ಟ್ ಆಗಿಯೇ ಒಳಗೆ ಹೋಗುತ್ತಿದ್ದೆವು. ವಿಂಡೋಸ್ 11ರ 24ಎಚ್2 ಆವೃತ್ತಿ ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ವಿಧಾನ) ಸಂಪರ್ಕಕ್ಕೆ ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ, ಕಡ್ಡಾಯ ಮಾಡಿದೆ, ಪ್ರೊನಲ್ಲಿ ಗೆಸ್ಟ್ ಪ್ರವೇಶವನ್ನೂ ಮುಚ್ಚಿದೆ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಸಂಪರ್ಕಕ್ಕೆ ಸೈನ್ ಮಾಡಲು ಬರುವುದಿಲ್ಲ. ಈ ಎರಡು ರಕ್ಷಣೆಗಳನ್ನೂ ವಿಂಡೋಸ್‌ನ ಕಮಾಂಡ್ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಎರಡು ಕಮಾಂಡ್ ಹೊಡೆದು ಆಫ್ ಮಾಡಿಬಿಡಬಹುದಿತ್ತು. ಆತ ಒಪ್ಪಲಿಲ್ಲ. "ಇದರೊಳಗೆ ಜನರ ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದಾವೆ ಸಾರ್, ಬಾಗಿಲು ತೆಗೆದಿಟ್ಟು ಹೋಗಲಾರೆ" ಎಂದ. ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ 2017ರ ವನ್ನಾಕ್ರೈ ವೈರಸ್ ಹರಡಿದ್ದು ಎಸ್‌ಎಂಬಿಯ ಹಳೆಯ ಆವೃತ್ತಿಯಾದ ಎಸ್‌ಎಂಬಿ1ರ ದೋಷದಿಂದ ಎಂದು ನೆನಪಿಸಿ, ಪೆಟ್ಟಿಗೆಯಲ್ಲಿ ಅದನ್ನೂ ಆಫ್ ಮಾಡಿದ.

ಒಬ್ಬೊಬ್ಬರಿಗೂ ಬೇರೆ ಯೂಸರ್, ಬೇರೆ ಪಾಸ್‌ವರ್ಡ್ ಮಾಡಿದ. ಆದರೂ ಹಳೆಯ ಕಂಪ್ಯೂಟರ್ ಮಾತ್ರ 1219 ಎಂಬ ಎರರ್ ತೋರಿಸುತ್ತಿತ್ತು. ಒಂದೇ ಸರ್ವರಿಗೆ ಒಂದೇ ಹೊತ್ತಿನಲ್ಲಿ ಎರಡು ಹೆಸರಿನಿಂದ ಹೋಗಲು ವಿಂಡೋಸ್ ಬಿಡುವುದಿಲ್ಲವಂತೆ. ಹಳೆಯ ಗೆಸ್ಟ್ ಸಂಪರ್ಕ ಅಲ್ಲಿ ಇನ್ನೂ ಜೀವಂತವಾಗಿತ್ತು. 'ನೆಟ್ ಯೂಸ್' ಕಮಾಂಡಿನಿಂದ ಅದನ್ನು ಕಡಿದು, ವಿಂಡೋಸ್ ಪಾಸ್‌ವರ್ಡ್‌ಗಳನ್ನು ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಹೊಸ ಹೆಸರು ಸೇರಿಸಿದ. ಫೋಲ್ಡರ್ ತೆರೆಯಿತು. ಸಾಲದ್ದಕ್ಕೆ ಪೆಟ್ಟಿಗೆಯ ಐಪಿ ವಿಳಾಸ ಬದಲಾಗದಂತೆ ರೂಟರಿನಲ್ಲೂ ಕಟ್ಟಿಹಾಕಿ ಹೋದ. ಅವಸರದಲ್ಲಿರುವ ಗಿರಾಕಿಗೆ ಸುಲಭದ ದಾರಿ ಬೇಡವೆನ್ನಲು ಧೈರ್ಯ ಬೇಕು. ತಮ್ಮಾ, ನಿನಗೆ ನಾವು ಸದಾ ಋಣಿ.

ಪಕ್ಕದ ಜೆರಾಕ್ಸ್ ಅಂಗಡಿಯವರು ನಮಗಾಗಿ ರಾತ್ರಿಯವರೆಗೂ ಬಾಗಿಲು ತೆರೆದಿಟ್ಟು ಪ್ರಿಂಟ್ ತೆಗೆದುಕೊಟ್ಟರು. ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಗಳು ಬಿಲ್‌ಗಳನ್ನು ಮತ್ತೊಮ್ಮೆ ವಾಟ್ಸಾಪ್‌ನಲ್ಲಿ ಕಳಿಸಿದರು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ತೆರಿಗೆಯ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ ಬೀಳುತ್ತದೆಂದು ಗೊತ್ತಿದ್ದೂ ಯಾರೊಬ್ಬರೂ ದನಿ ಎತ್ತರಿಸಲಿಲ್ಲ. ನಿಮ್ಮ ತಾಳ್ಮೆಗೆ ಕೈಮುಗಿಯುತ್ತೇವೆ.

ರಿಟರ್ನ್ ಸಲ್ಲಿಕೆಯಾದದ್ದಕ್ಕೆ ಸಿಗುವ ಎಆರ್‌ಎನ್ ಸ್ವೀಕೃತಿ ಸಂಖ್ಯೆ ಇನ್ನೂ ತಲುಪದವರು ಆಫೀಸಿಗೆ ಫೋನ್ ಮಾಡಿ, ಕೂಡಲೇ ಕಳಿಸುತ್ತೇವೆ.