ಬಡ್ಡಿ ಇಲ್ಲ ಎಂಬ ಬೋರ್ಡ್ ಸಾಲದು, ಬಿಲ್ ತೋರಿಸಿ

ಸಂಪಾದಕರೇ,

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಲ್ಲಿ ಸಾಲದ ಮಾತು ಬಂದರೆ ಮೊದಲ ಪ್ರಶ್ನೆ ‘ನೂರಕ್ಕೆ ಎಷ್ಟು?’ ನೂರಕ್ಕೆ ಮೂರು ಎಂದರೆ 30,000 ರೂಪಾಯಿಯ ಹೊಲಿಗೆ ಯಂತ್ರಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800. ಅಸಲು ಮಾತ್ರ ಇದ್ದಲ್ಲೇ ಇರುತ್ತದೆ. ಬಡ್ಡಿರಹಿತ ಸಹಕಾರ ಸಂಘಗಳು ಬೇಕಾಗಿರುವುದು ಇಲ್ಲೇ. ಕಾಜಾ-ಗುಂಡಿ ಹಾಕುವವರಿಂದ ವಾಷಿಂಗ್ ಮಾಡುವವರವರೆಗೆ ಯಾವ ಜಾತಿ-ಧರ್ಮದವರಾದರೂ ಸದಸ್ಯರಾಗಬಹುದು.

ಬಡ್ಡಿಯ ಬದಲು ಸರಕು ಕೊಂಡು ಲಾಭಕ್ಕೆ ಮಾರುವ ಈ ಕೆಲಸ ಬ್ಯಾಂಕುಗಳಿಂದ ಆಗದು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಕಲಂ ಪ್ರಕಾರ ಬ್ಯಾಂಕು ಸರಕು ಕೊಂಡು ಮಾರುವಂತಿಲ್ಲ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಮುಂದುವರಿಸದಿರಲು ತೀರ್ಮಾನಿಸಿತು. ಹಾಗಾಗಿ ಉಳಿದದ್ದು ಸಂಘಗಳ ದಾರಿ.

ಸಂಘಗಳು ಹೆಚ್ಚಾಗಿ ಹೇಳುವ ಹೆಸರು ಮುರಾಬಹಾ, ಅಂದರೆ ಸರಕು ಕೊಂಡು, ತನ್ನ ಲಾಭ ಎಷ್ಟೆಂದು ಹೇಳಿ ಮಾರುವುದು. ಮೊದಲು ದರ್ಜಿ ‘ಈ ಯಂತ್ರ ತಂದರೆ ಕೊಳ್ಳುತ್ತೇನೆ’ ಎಂದು ಬರೆದುಕೊಡಬೇಕು. ಸಂಘ ಅದನ್ನು ತನ್ನ ಹೆಸರಿಗೆ ಬಿಲ್ ಮಾಡಿಸಿ, ತನ್ನ ಸ್ವಾಧೀನಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಅಸಲು ಬೆಲೆ 30,000, ಲಾಭ 3,600 ಎಂದು ಬಾಯಿಬಿಟ್ಟು ಹೇಳಿ, ತಿಂಗಳಿಗೆ 2,800ರಂತೆ 12 ಕಂತಿಗೆ ಮಾರಬೇಕು. ಅಂಗಡಿಯಿಂದ ತರುವಾಗ ಯಂತ್ರ ಬಿದ್ದು ಒಡೆದರೆ ನಷ್ಟ ಸಂಘದ್ದು. ಲಾಭ ಕೇಳುವ ಹಕ್ಕು ಹುಟ್ಟುವುದೇ ಆ ನಷ್ಟದ ಹೊಣೆಯಿಂದ.

ಕೆಡುವುದೂ ಇಲ್ಲೇ. ಓಡಾಟ ಯಾರಿಗೆ ಬೇಕೆಂದು ದರ್ಜಿಯ ಕೈಗೆ ನಗದು ಕೊಡುತ್ತಾರೆ, ಬಿಲ್ ಆಮೇಲೆ ತರಿಸಿಕೊಳ್ಳುತ್ತಾರೆ. ಅಂಗಡಿಯವನು ಐನೂರು ಇಸಿದುಕೊಂಡು ಬಿಲ್ ಹರಿದುಕೊಡುತ್ತಾನೆ, ಯಂತ್ರ ಷೋಕೇಸಿನಿಂದ ಅಲುಗುವುದಿಲ್ಲ. ಮನೆಯಲ್ಲಿದ್ದ ಹಳೇ ಜುಕಿ ಹೊಲಿಗೆ ಯಂತ್ರಕ್ಕೇ ಹೊಸ ಬಿಲ್ ಆಗುವುದೂ ಉಂಟು. ಅಲ್ಲಿಗೆ ಅದು ಬಡ್ಡಿಗೆ ತೊಡಿಸಿದ ಟೋಪಿ, ಅಷ್ಟೇ. ಗ್ರಾಹಕನನ್ನೇ ಏಜೆಂಟನಾಗಿ ಕಳಿಸಲು ಅವಕಾಶವಿದೆ. ಆದರೆ ಏಜೆನ್ಸಿ ಪತ್ರ ಬೇರೆ, ಮಾರಾಟ ಪತ್ರ ಬೇರೆ ಇರಬೇಕು, ಹಣ ನೇರ ಅಂಗಡಿಯ ಖಾತೆಗೇ ಹೋಗಬೇಕು.

ಸಂಘದವರಿಗೆ ಇಷ್ಟವಾಗದ ಮಾತೊಂದಿದೆ. 3,600 ಎಂದರೆ ಶೇ 12 ಎಂದು ಅವರು ಹೇಳುತ್ತಾರೆ. ಪ್ರತಿ ತಿಂಗಳು ಬಾಕಿ ಇಳಿಯುವುದರಿಂದ ಬ್ಯಾಂಕಿನ ಲೆಕ್ಕದಲ್ಲಿ ಅದು ಶೇ 21 ದಾಟುತ್ತದೆ. ಶೇ 14ರ ಬ್ಯಾಂಕ್ ಸಾಲಕ್ಕೆ ಕಂತು 2,700ರೊಳಗೇ ಬರುತ್ತದೆ. ಸಂಘ ಜಿಎಸ್‌ಟಿ ನೋಂದಣಿ ಹೊಂದಿದ್ದರೆ ಲಾಭದ ಭಾಗಕ್ಕೂ ತೆರಿಗೆ ಬೀಳುತ್ತದೆ, ಬ್ಯಾಂಕಿನ ಬಡ್ಡಿಗೆ ಅದಿಲ್ಲ. ಹಾಗಾದರೆ ಬಡವನಿಗೆ ಏನು ಲಾಭ? ಬೆಲೆ ಒಮ್ಮೆ ಗೊತ್ತಾದ ಮೇಲೆ ಬೆಳೆಯುವುದಿಲ್ಲ. ಸೀಸನ್ ಕೈಕೊಟ್ಟು ಮೂರು ಕಂತು ತಪ್ಪಿದರೂ 33,600 ಅಷ್ಟೇ ಇರುತ್ತದೆ. ತಡದ ದಂಡ ಹಾಕಿದರೂ ಅದು ದಾನದ ಖಾತೆಗೆ ಹೋಗಬೇಕು, ಸಂಘದ ಆದಾಯಕ್ಕಲ್ಲ. ಈ ಖಾತೆ ಬೇರೆ ಇಡದ ಸಂಘದ ಮೇಲೆ ನಮಗೆ ನಂಬಿಕೆಯಿಲ್ಲ.

ಬಂಗಾರ ಒತ್ತೆ ಇಟ್ಟು ಕೊಡುವ ಕರ್ಜೆ ಹಸನಾದಲ್ಲಿ, ಅಂದರೆ ಬಡ್ಡಿಯೂ ಲಾಭವೂ ಇಲ್ಲದ ಸಾಲದಲ್ಲಿ, ಸೇವಾ ಶುಲ್ಕದ ಆಟ ನಡೆಯುತ್ತದೆ. ಶುಲ್ಕ ಅಂದರೆ ತೂಕ, ಲಾಕರ್, ಕಾಗದದ ನಿಜವಾದ ಖರ್ಚು. 5,000ಕ್ಕಾಗಲಿ 50,000ಕ್ಕಾಗಲಿ ಫೈಲಿನ ಕೆಲಸ ಹೆಚ್ಚುಕಡಿಮೆ ಒಂದೇ. ಮೊತ್ತಕ್ಕೆ ತಕ್ಕಂತೆ, ತಿಂಗಳಿಗೆ ಇಷ್ಟು ಶೇಕಡಾ ಎಂದು ವಸೂಲಾಗುತ್ತಿದ್ದರೆ ಅದರ ಹೆಸರು ಎಲ್ಲರಿಗೂ ಗೊತ್ತು.

ಠೇವಣಿ ಇಡುವವರಿಗೂ ಒಂದು ಮಾತು. ಠೇವಣಿ ಹಣವನ್ನು ವ್ಯಾಪಾರಕ್ಕೆ ಹಾಕಿ ಬಂದ ಲಾಭ ಹಂಚಿಕೊಳ್ಳುವ ಮುದಾರಬಾ ಠೇವಣಿಯಲ್ಲಿ ಹಂಚಿಕೆಯ ಪ್ರಮಾಣ ಮೊದಲೇ ಗೊತ್ತಿರುತ್ತದೆ, ಲಾಭದ ಮೊತ್ತ ಗೊತ್ತಿರುವುದಿಲ್ಲ. ‘ಲಕ್ಷಕ್ಕೆ ತಿಂಗಳಿಗೆ ಇಷ್ಟು, ಹಲಾಲ್’ ಎಂದು ಮೊದಲೇ ಹೇಳಿದವರ ಕಥೆ 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಕಂಪನಿಯ ಹಗರಣದಲ್ಲಿ ನೋಡಿದ್ದೇವೆ. ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಸಂಘಗಳ ಠೇವಣಿಗೆ ಇಲ್ಲ.

ಈ ಸಲದ ಮಹಾಸಭೆಯಲ್ಲಿ ಊಟದ ಕೂಪನ್ ಇಸಿದುಕೊಳ್ಳುವ ಮೊದಲು ಸದಸ್ಯರು ಯಾವುದಾದರೂ ಹತ್ತು ಮುರಾಬಹಾ ಫೈಲು ತೆಗೆಸಲಿ. ಅಂಗಡಿ ಬಿಲ್ಲಿನ ತಾರೀಖು ಮಾರಾಟ ಪತ್ರಕ್ಕಿಂತ ಹಿಂದಿನದೇ, ಎರಡರಲ್ಲೂ ಯಂತ್ರದ ನಂಬರ್ ಒಂದೇ ಇದೆಯೇ ಎಂದು ತಾಳೆ ನೋಡಲಿ.

— ಸಹಕಾರ ಸಂಘಗಳ ಲೆಕ್ಕ ನೋಡುವವರು, ಕೌಲ್‌ಬಜಾರ್, ಬಳ್ಳಾರಿ